ಗಿಳಿಶಾಸ್ತ್ರದ ವಿಮರ್ಶೆ

ಮೊನ್ನೆ ಮಗಳು ಕಾಲೇಜಿನಿಂದ ಬಂದವಳೇ ಬ್ಯಾಗನ್ನ ಸೋಫಾ ಮೇಲೆ ಎಸೆದು ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡಳು. "ಏನಾತವ್ವಾ?" ಅಂದೆ. "ಏನಿಲ್ಲಪ್ಪ" ಅಂದಳು. ಪುಣೆಗೆ ಬಂದು ಮೂವತ್ತೈದು ವರ್ಷ ಆದರೂ ನಮ್ಮ ಮನೆಯ ಸಿಟ್ಟು ಸೆಡವು ಎಲ್ಲ ಇನ್ನೂ ಗದಗಿನ ಕನ್ನಡದಲ್ಲೇ ನಡೆಯುತ್ತೆ. ರಾತ್ರಿ ಊಟಕ್ಕೆ ಕೂತಾಗ ವಿಷಯ ಹೊರಗೆ ಬಂತು.

ಇಂಗ್ಲಿಷ್ ಎಂ.ಎ. ಮಾಡ್ತಿದಾಳೆ. ಅಸೈನ್‌ಮೆಂಟ್ ಕೊಟ್ಟಿದ್ದರಂತೆ. 'ದಿ ಗೋಲ್ಡ್‌ಫಿಂಚ್' ಕಾದಂಬರಿಯ ಸಂಕೇತಗಳನ್ನು ಅದೇ ಹೆಸರಿನ ವರ್ಣಚಿತ್ರದ ಸಹಾಯದಿಂದ ವಿವರಿಸಿ, ಇಪ್ಪತ್ತು ಅಂಕ. ಇವಳು ಹನ್ನೊಂದು ಪುಟ ಬರೆದಿದ್ದಳು. ಬಂದದ್ದು ಏಳು ಅಂಕ. ಮೊದಲ ಪುಟದ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಎರಡೇ ಶಬ್ದ: "ಸರಪಳಿ ಎಲ್ಲಿ?"

ಅಂಕದ ವಿಷಯಕ್ಕೆ ನಾನು ಜಗಳ ಆಡೋನಲ್ಲ. ನಾನೂ ಕಾಲೇಜಿನಲ್ಲಿ ಏಳು ತಗೊಂಡವನೇ, ನಾಲ್ಕೂ ತಗೊಂಡವನೇ. ಆದರೆ ಆಮೇಲೆ ಅವಳು ತರಗತಿಯಲ್ಲಿ ಹಂಚಿದ್ದ ನೋಟ್ಸ್ ತೋರಿಸಿದಳು ನೋಡಿ, ಅದನ್ನು ಓದಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ. ಒಂದು ಪಟ್ಟಿ. ಎಡಗಡೆ ಚಿತ್ರದಲ್ಲಿರೋದು, ಬಲಗಡೆ ಕಾದಂಬರಿಯಲ್ಲಿ ಅದರ ಅರ್ಥ. ಹಕ್ಕಿ ಅಂದರೆ ಕಥಾನಾಯಕ. ಸರಪಳಿ ಅಂದರೆ ಅವನ ದುಃಖ ಮತ್ತು ಅಪರಾಧಿ ಭಾವ. ಖಾಲಿ ಗೋಡೆ ಅಂದರೆ ಒಂಟಿತನ. ಕಾಳಿನ ಡಬ್ಬಿ ಅಂದರೆ ಮಾದಕ ವಸ್ತುಗಳ ಚಟ (!). ರೆಕ್ಕೆಯ ಹಳದಿ ಪಟ್ಟೆ ಅಂದರೆ ಭರವಸೆ. ನಾವು ಐದನೇ ಇಯತ್ತೆಯಲ್ಲಿ ಮಾಡ್ತಿದ್ದ 'ಹೊಂದಿಸಿ ಬರೆಯಿರಿ' ಲೆಕ್ಕ ಇದು. ಎಂ.ಎ. ತರಗತಿಗೆ ಬಂದಿದೆ ಅಷ್ಟೇ.

ನಮ್ಮೂರಿನ ಜಾತ್ರೆಯಲ್ಲಿ ಗಿಳಿಶಾಸ್ತ್ರದವನು ಕೂತಿರ್ತಿದ್ದ. ಪುಟ್ಟ ಪಂಜರದ ಬಾಗಿಲು ತೆಗೆದರೆ ಗಿಳಿ ಹೊರಗೆ ಬಂದು ಒಂದು ಕಾರ್ಡು ಎಳೆದು ಕೊಟ್ಟು ಮತ್ತೆ ಒಳಗೆ ಹೋಗೋದು. ಕಾರ್ಡಿನಲ್ಲಿ ಹನುಮಂತ ಬಂದರೆ ನೌಕರಿ ಗ್ಯಾರಂಟಿ, ಲಕ್ಷ್ಮಿ ಬಂದರೆ ದುಡ್ಡು. ಎದುರಿಗೆ ಕೂತವನು ಯಾರು, ಅವನ ಮನೆಯಲ್ಲಿ ಏನಾಗಿದೆ, ಯಾವುದೂ ಬೇಕಿಲ್ಲ. ಹನುಮಂತ ಬಂದ, ನೌಕರಿ ಸಿಕ್ತು, ಎಂಟಾಣೆ ಕೊಡು. ಈ ನೋಟ್ಸನ್ನು ನೋಡಿದಾಗ ನನಗೆ ನೆನಪಾದದ್ದು ಅವನೇ.

ಕಾದಂಬರಿ ಓದದವರಿಗೆ ಕಥೆ ಹೇಳಿಬಿಡ್ತೀನಿ. ಕೊನೆ ಗೊತ್ತಾಗಬಾರದು ಅನ್ನೋರು ಇಲ್ಲಿಗೇ ನಿಲ್ಲಿಸಿ, ಓದಿಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ :-)

ಡೊನಾ ಟಾರ್ಟ್ ಬರೆದ ಈ ಕಾದಂಬರಿ ಬಂದದ್ದು 2013ರಲ್ಲಿ. ಥಿಯೋ ಡೆಕರ್ ಅನ್ನೋ ಹದಿಮೂರು ವರ್ಷದ ಹುಡುಗ ಅಮ್ಮನ ಜೊತೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಹೋಗಿರ್ತಾನೆ. ಶಾಲೆಯಲ್ಲಿ ಏನೋ ತಪ್ಪು ಮಾಡಿ ಸಿಕ್ಕಿಬಿದ್ದಿದಾನೆ, ಅಮ್ಮನನ್ನು ಕರೆಸಿದ್ದಾರೆ, ಇಬ್ಬರೂ ಅಲ್ಲಿಗೆ ಹೊರಟಿದ್ದಾರೆ, ದಾರಿಯಲ್ಲಿ ಮಳೆ. ಮಳೆಗೆ ಅಂತ ಒಳಗೆ ಹೋದವರು ಡಚ್ ಚಿತ್ರಗಳ ಪ್ರದರ್ಶನ ನೋಡ್ತಾರೆ. ಅಲ್ಲಿ ಬಾಂಬ್ ಸಿಡಿಯುತ್ತೆ. ಅಮ್ಮ ಸಾಯ್ತಾಳೆ. ಹುಡುಗ ಬದುಕ್ತಾನೆ. ಅವಶೇಷಗಳ ನಡುವೆ ಸಾಯ್ತಿರೋ ಒಬ್ಬ ಮುದುಕ ಅವನ ಕೈಗೆ ಉಂಗುರ ಕೊಟ್ಟು, ಗೋಡೆಯಿಂದ ಬಿದ್ದ ಒಂದು ಪುಟ್ಟ ಚಿತ್ರವನ್ನ ತಗೊಂಡು ಹೋಗು ಅಂತಾನೆ. ಹುಡುಗ ಚಿತ್ರವನ್ನ ಹೊತ್ತು ಮನೆಗೆ ಬಂದು ಅಮ್ಮ ಬರ್ತಾಳೆ ಅಂತ ಕಾಯ್ತಾ ಕೂರ್ತಾನೆ. ಅಲ್ಲಿಂದ ಹದಿನಾಲ್ಕು ವರ್ಷದ ಕಥೆ. ಶ್ರೀಮಂತ ಗೆಳೆಯನ ಮನೆ, ಆಮೇಲೆ ಕುಡುಕ ಜೂಜುಕೋರ ಅಪ್ಪನ ಜೊತೆ ಲಾಸ್ ವೇಗಸ್, ಅಲ್ಲಿ ಬೋರಿಸ್ ಅನ್ನೋ ಕಿಲಾಡಿ ಗೆಳೆಯ, ಅಪ್ಪನ ಸಾವು, ಮತ್ತೆ ನ್ಯೂಯಾರ್ಕು, ಹಳೇ ಪೀಠೋಪಕರಣ ರಿಪೇರಿ ಮಾಡೋ ಹೋಬಿ ಅನ್ನೋ ದೊಡ್ಡ ಮನಸ್ಸಿನ ಮನುಷ್ಯನ ಆಶ್ರಯ. ಚಿತ್ರ ಮಾತ್ರ ಸದಾ ಬಚ್ಚಿಟ್ಟಿದ್ದು.

2014ರಲ್ಲಿ ಇದಕ್ಕೆ ಪುಲಿಟ್ಜರ್ ಬಂತು. 2019ರಲ್ಲಿ ಸಿನಿಮಾನೂ ಆಯ್ತು, ಅದರ ಬಗ್ಗೆ ಮಾತು ಬೇಡ. ದೊಡ್ಡ ವಿಮರ್ಶಕರು ಕೆಲವರು ಇದನ್ನ ಕಾದಂಬರಿ ಅಂತಲೇ ಒಪ್ಪಲಿಲ್ಲ. 'ದಿ ನ್ಯೂಯಾರ್ಕರ್'ನ ಜೇಮ್ಸ್ ವುಡ್ ಇದರ ಧಾಟಿ ಮಕ್ಕಳ ಸಾಹಿತ್ಯದ್ದು ಅಂದುಬಿಟ್ಟರು. ನನಗೂ ನಡುವೆ ಇನ್ನೂರು ಪುಟ ಕಡಿಮೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದುಂಟು. ಅದು ಬೇರೆ ಮಾತು.

ಈಗ ಚಿತ್ರ. ಇದು ಕಥೆಗಾಗಿ ಹುಟ್ಟಿಸಿದ್ದಲ್ಲ, ನಿಜವಾಗಿ ಇದೆ. ಹಾಲೆಂಡಿನ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ, 1896ರಿಂದ ಅವರದ್ದೇ. ಯಾವತ್ತೂ ಕಾದಂಬರಿಯಲ್ಲಿ ಆದ ಹಾಗೆ ಕಳುವಾಗಿಲ್ಲ. ಬರೆದವನು ಕರೆಲ್ ಫ್ಯಾಬ್ರಿಷಿಯಸ್, ರೆಂಬ್ರಾಂಟ್‌ನ ಶಿಷ್ಯ. ಅಳತೆ 33.5 ಸೆಂಟಿಮೀಟರ್ ಉದ್ದ, 22.8 ಸೆಂಟಿಮೀಟರ್ ಅಗಲ, ಅಂದರೆ ನಿಮ್ಮ ಪ್ರಿಂಟರಿನ ಎ4 ಹಾಳೆಗಿಂತ ಒಂಚೂರು ದೊಡ್ಡದು. ಮರದ ಹಲಗೆಯ ಮೇಲೆ ಎಣ್ಣೆಬಣ್ಣ. ಮಾಸಲು ಸುಣ್ಣದ ಗೋಡೆ, ಗೋಡೆಗೆ ಹೊಡೆದ ಕಾಳಿನ ಡಬ್ಬಿ, ಅದರ ಸುತ್ತ ಬಾಗಿದ ಎರಡು ಸರಳು, ಮೇಲಿನ ಸರಳಿನ ಮೇಲೆ ಹಕ್ಕಿ. ಕಾಲಿಗೆ ಸಣ್ಣ ಸರಪಳಿ. ಹಕ್ಕಿಯ ಮುಖ ನಮ್ಮ ಕಡೆಗೆ. ಕೆಳಗೆ ಗೋಡೆಯ ಮೇಲೇ ಬರೆದಂತೆ ಚಿತ್ರಕಾರನ ಹೆಸರು, ಇಸವಿ 1654.

ನಾನು ಅಸಲು ಚಿತ್ರ ನೋಡಿಲ್ಲ. ಹೇಗ್‌ಗೆ ಹೋಗೋ ಯೋಗ ಬಂದಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ದೊಡ್ಡದು ಮಾಡಿ ಮಾಡಿ ನೋಡಿದ್ದು. ಆದರೂ ಪರವಾಗಿಲ್ಲ. ಕಾದಂಬರಿಯ ಆ ಅಮ್ಮನೂ ಚಿಕ್ಕವಳಿದ್ದಾಗ ಮೊದಲು ಇದನ್ನ ಪುಸ್ತಕದಲ್ಲಿ ಅಚ್ಚಾದ ಚಿತ್ರವಾಗಿಯೇ ನೋಡಿ ಪ್ರೀತಿಸಿದ್ದು.

ಇನ್ನು ಜಗಳಕ್ಕೆ ಬರೋಣ.

"ಸರಪಳಿ ಎಲ್ಲಿ?" ಅಂತ ಕೇಳಿದ್ದಾರಲ್ಲ, ಆ ಸರಪಳಿ ಏನು ಅಂತ ಅವರಿಗೆ ಗೊತ್ತಾ? ಡಚ್ ಭಾಷೆಯಲ್ಲಿ ಈ ಚಿತ್ರದ ಹೆಸರು 'ಪುಟರ್ಟ್ಯೆ'. ಪುಟ್ಟೆನ್ ಅಂದರೆ ನೀರು ಸೇದುವುದು. 'ಪುಟಾಣಿ ನೀರು ಸೇದುವವನು' ಅಂತ ಈ ಹಕ್ಕಿಗೆ ಅಲ್ಲಿ ಅಡ್ಡಹೆಸರು. ಯಾಕೆ? ಆ ಕಾಲದಲ್ಲಿ ಇದನ್ನ ಮನೆಯಲ್ಲಿ ಸಾಕಿ, ದರ್ಜಿಗಳು ಬೆರಳಿಗೆ ಹಾಕ್ಕೋತಾರಲ್ಲ ಅಂಗುಸ್ತಾನ, ಅಷ್ಟೇ ಅಷ್ಟು ಪಾತ್ರೆಗೆ ಎಳೆ ಕಟ್ಟಿ, ಕೆಳಗಿನ ನೀರನ್ನ ತಾನೇ ಸೇದಿ ಕುಡಿಯೋದು ಕಲಿಸ್ತಿದ್ದರು. ಮಕ್ಕಳು ದೊಡ್ಡವರು ಎಲ್ಲ ನೋಡಿ ನಗೋದು. ಅದು ಕ್ರೂರ ಅಲ್ಲ ಅಂತ ನಾನು ಹೇಳೋದಿಲ್ಲ, ಗಿಳಿಶಾಸ್ತ್ರದವನ ಗಿಳಿಯ ಪಾಡೂ ಅಷ್ಟೇ. ಆದರೆ 1654ರ ಡೆಲ್ಫ್ಟ್ ಊರಿನವನಿಗೆ ಆ ಸರಪಳಿ ಕಂಡರೆ 'ಅಯ್ಯೋ ಬಂಧನ' ಅನ್ನಿಸ್ತಿತ್ತು ಅಂತ ತಿಳಿಯೋದು ನಮ್ಮ ಇಂದಿನ ತಲೆಯನ್ನ ಅವನ ಹೆಗಲ ಮೇಲೆ ಇಟ್ಟ ಹಾಗೆ. ಅವನಿಗೆ ಅದು ಪಕ್ಕದ ಮನೆಯ ಪಡಸಾಲೆ.

ಪಾಂಡಿತ್ಯ ಇರೋರು ಇನ್ನೊಂದು ಕಾರ್ಡು ಎಳೀತಾರೆ. ಗೋಲ್ಡ್‌ಫಿಂಚ್ ಅಂದರೆ ಯೇಸು. ಹಕ್ಕಿಯ ಮುಖದ ಕೆಂಪು ಯೇಸುವಿನ ಮುಳ್ಳಿನ ಕಿರೀಟದ ರಕ್ತ ಅಂತ ಹಳೇ ಐತಿಹ್ಯ. ಸುಳ್ಳಲ್ಲ, ಇಟಲಿಯ ಚಿತ್ರಗಳಲ್ಲಿ ಬೇಕಾದಷ್ಟಿದೆ. ರಾಫೆಲ್‌ನ ಮೇರಿಮಾತೆಯ ಚಿತ್ರದಲ್ಲಿ ಬಾಲಯೇಸುವಿನ ಎದುರು ಇದೇ ಹಕ್ಕಿ. ಹರ್ಬರ್ಟ್ ಫ್ರೀಡ್‌ಮನ್ ಅನ್ನೋ ಅಮೆರಿಕದ ಪಕ್ಷಿವಿಜ್ಞಾನಿ 1946ರಲ್ಲಿ ಅಂಥ ನೂರಾರು ಭಕ್ತಿಚಿತ್ರಗಳನ್ನು ಗುರುತಿಸಿ ಒಂದು ಪುಸ್ತಕವನ್ನೇ ಬರೆದ. ಆದರೆ ಸ್ವಾಮೀ, ಫ್ಯಾಬ್ರಿಷಿಯಸ್‌ನ ಚಿತ್ರದಲ್ಲಿ ಮೇರಿ ಎಲ್ಲಿ, ಮಗು ಎಲ್ಲಿ? ಇರೋದು ಗೋಡೆ, ಡಬ್ಬಿ, ಹಕ್ಕಿ. ಇನ್ನೂರು ವರ್ಷ ಹಿಂದಿನ ಇಟಲಿಯ ಚರ್ಚಿನಿಂದ ಅರ್ಥ ತಂದು ಡಚ್ಚರ ಗೋಡೆಗೆ ಮೊಳೆ ಹೊಡೆದರೆ ಆಯ್ತಾ?

ಮೂರನೇ ಕಾರ್ಡು ಸ್ಫೋಟದ್ದು. ಇದು ಎಲ್ಲರಿಗೂ ಇಷ್ಟವಾದದ್ದು, ಯಾಕಂದರೆ ಕಥೆ ಹಾಗಿದೆ. 1654ರ ಅಕ್ಟೋಬರ್ 12ರಂದು ಡೆಲ್ಫ್ಟ್‌ನ ಮದ್ದಿನ ಮನೆ ಸಿಡಿದು ಊರಿನ ಒಂದು ಭಾಗವೇ ನೆಲಸಮ ಆಯ್ತು. ನೂರಕ್ಕೂ ಹೆಚ್ಚು ಜನ ಸತ್ತರು. ಮನೆಯಲ್ಲಿ ಚಿತ್ರ ಬರೀತಿದ್ದ ಫ್ಯಾಬ್ರಿಷಿಯಸ್ ಕೂಡ ಸತ್ತ. ಅವನಿಗಾಗ 32. ಅವನ ಚಿತ್ರಗಳಲ್ಲಿ ಇವತ್ತು ಉಳಿದಿರೋದು ಹೆಚ್ಚೂಕಡಿಮೆ ಒಂದು ಡಜನ್. ಹಾಗಾಗಿ ಹಕ್ಕಿಯ ಕಣ್ಣಲ್ಲಿ ಸಾವಿನ ಮುನ್ಸೂಚನೆ ಇದೆ ಅಂತ ಬರೀತಾರೆ. ಅರೆ! ಚಿತ್ರ ಬರೆದವನಿಗೆ ಮದ್ದಿನ ಮನೆ ಸಿಡಿಯುತ್ತೆ ಅಂತ ಯಾರು ಹೇಳಿದ್ದರು? ಸಾವು ಬಂದದ್ದು ಹೊರಗಿನಿಂದ, ಚಿತ್ರ ಬರೆದಾದ ಮೇಲೆ. ನಮಗೆ ಗೊತ್ತಿರೋದು ಹಕ್ಕಿಗೂ ಗೊತ್ತಿತ್ತು ಅಂತ ಭ್ರಮಿಸೋದು ಮಾತ್ರ ನಮ್ಮದು.

ಆದರೆ ಆ ಸ್ಫೋಟದ ಕಥೆಯಲ್ಲೇ ಒಂದು ಸಣ್ಣ ಸಂಗತಿ ಇದೆ. ಯಾವ ನೋಟ್ಸಿನಲ್ಲೂ ಕಾಣಲಿಲ್ಲ, ಮಗಳು ಅದನ್ನ ಹುಡುಕಿ ಬರೆದಿದ್ದಳು. ಆ ದಿನ ಫ್ಯಾಬ್ರಿಷಿಯಸ್ ಒಬ್ಬ ಚರ್ಚಿನ ಕೆಲಸದವನ ಭಾವಚಿತ್ರ ಬರೀತಿದ್ದ. ಎದುರಿಗೆ ಕೂತಿದ್ದ ಆ ಮನುಷ್ಯನೂ ಸತ್ತ. ಅವನ ಹೆಸರು ಸೈಮನ್ ಡೆಕರ್.

ಕಾದಂಬರಿಯ ಹುಡುಗ ಥಿಯೋ ಡೆಕರ್.

ಕಾಕತಾಳೀಯ ಅನ್ನಬಹುದು ಯಾರಾದರೂ. ಹತ್ತು ವರ್ಷ ಕೂತು ಒಂದೊಂದು ಕಾದಂಬರಿ ಬರೆಯೋ ಲೇಖಕಿ ಹೆಸರನ್ನ ಹಾಗೆ ಎಲ್ಲಿಂದಲೋ ಎತ್ತಿಕೊಂಡಳು ಅಂದರೆ ನಾನು ನಂಬೋದಿಲ್ಲ. ಈಗ ನೋಡಿ, ಹುಡುಗನಿಗೆ ಹಕ್ಕಿಯ ಜಾಗ ಕೊಟ್ಟಿಲ್ಲ ಆಕೆ. ಆ ದಿನ ಆ ಕೋಣೆಯಲ್ಲಿ ಸುಮ್ಮನೆ ಕೂತಿದ್ದವನ ಹೆಸರು ಕೊಟ್ಟಿದ್ದಾಳೆ. ತಾನು ಏನೂ ಮಾಡದೆ, ಇರಬಾರದ ಹೊತ್ತಿನಲ್ಲಿ ಇರಬಾರದ ಜಾಗದಲ್ಲಿ ಇದ್ದವನು. ಆ ಡೆಕರ್ ಸತ್ತ, ಈ ಡೆಕರ್ ಉಳಿದ. ಉಳಿದವನಿಗೆ 'ನಾನು ಶಾಲೆಯಲ್ಲಿ ಸಿಕ್ಕಿಬೀಳದೆ ಇದ್ದಿದ್ದರೆ ಅಮ್ಮ ಅಲ್ಲಿಗೆ ಬರ್ತಾನೇ ಇರಲಿಲ್ಲ' ಅನ್ನೋದು ಜೀವಮಾನದ ಕೊರಗು. 'ಹಕ್ಕಿ ಅಂದರೆ ಥಿಯೋ' ಅಂತ ಬರೆದು ಅಂಕ ಹಾಕಿದವರು ಈ ಒಂದು ಪುಟದ ಹತ್ತಿರ ಟಿಕ್ ಮಾರ್ಕನ್ನೂ ಹಾಕಿಲ್ಲ.

ಸರಪಳಿಯ ಮಾತೇ ಬೇಡ ಅಂತ ಹೇಳ್ತಿಲ್ಲ ನಾನು. ಕೊನೆಯ ಪುಟಗಳಲ್ಲಿ ಥಿಯೋ ಸ್ವತಃ ಆ ಪುಟ್ಟ ಕಟ್ಟಿಹಾಕಿದ ಜೀವದ ಬಗ್ಗೆ ಯೋಚನೆ ಮಾಡ್ತಾನೆ. ಅದು ಪುಸ್ತಕದಲ್ಲೇ ಇದೆ. ಹೌದಲ್ಲ, ಇದೆಯಲ್ಲ, ಅಂದಮೇಲೆ ಅದನ್ನ ನಾವು ಮತ್ತೆ 'ಕಂಡುಹಿಡಿಯೋದು' ಯಾಕೆ? ಪಾತ್ರವೇ ಬಾಯಿಬಿಟ್ಟು ಹೇಳಿದ್ದನ್ನ ಸಂಕೇತ ಅಂತ ಕರೆದು ಇಪ್ಪತ್ತಕ್ಕೆ ಹದಿನೆಂಟು ಕೊಡೋದು ಯಾವ ವಿಮರ್ಶೆ?

ಚಿತ್ರವನ್ನ ಹಿಡಿದು ಕಾದಂಬರಿ ಓದಲೇಬೇಕು ಅಂದರೆ ಓದೋಣ. ಆದರೆ ಮೊದಲು ಚಿತ್ರ ಏನು ಮಾಡುತ್ತೆ ಅಂತ ನೋಡಬೇಕು. ಅದರೊಳಗೆ ಏನೇನು ಸಾಮಾನು ಇದೆ ಅನ್ನೋ ಪಟ್ಟಿ ಆಮೇಲೆ.

ಈ ಚಿತ್ರ ಒಂದು ಕಣ್ಕಟ್ಟು. ನಿಜವಾಗಲೂ. ಫ್ರೆಂಚರು ಅದಕ್ಕೆ 'ಟ್ರಾಂಪ್ ಲಾಯ್' ಅಂತಾರೆ, ಕಣ್ಣಿಗೆ ಮೋಸ. ಕೆಳಗಿನಿಂದ ತಲೆ ಎತ್ತಿ ನೋಡಿದರೆ ಹೇಗೆ ಕಾಣಬೇಕೋ ಹಾಗೇ ಡಬ್ಬಿಯನ್ನ ಬರೆದಿದ್ದಾನೆ, ನೆರಳು ಬಲಗಡೆ ಗೋಡೆಯ ಮೇಲೆ ಬಿದ್ದಿದೆ. ಎತ್ತರದಲ್ಲಿ ತೂಗುಹಾಕಿದರೆ ದೂರದಿಂದ ನೋಡಿದವನಿಗೆ ನಿಜವಾದ ಹಕ್ಕಿ ಕೂತಿದೆ ಅನ್ನಿಸಬೇಕು. ಹಲಗೆ ಅಷ್ಟು ಪುಟ್ಟ ಚಿತ್ರಕ್ಕೆ ಬೇಕಾದದ್ದಕ್ಕಿಂತ ದಪ್ಪ ಇದೆಯಂತೆ. ಅದಕ್ಕೇ ಇದು ಯಾವುದೋ ಪೀಠೋಪಕರಣದ ಭಾಗ ಇದ್ದಿರಬಹುದು, ಕಪಾಟಿನ ಬಾಗಿಲೋ ಇನ್ನೊಂದು ಚಿತ್ರದ ಮುಚ್ಚಳವೋ ಅಂತ ತಿಳಿದವರು ಊಹೆ ಮಾಡಿದ್ದಾರೆ. ಆದರೆ ಹತ್ತಿರ ಹೋಗಿ. ಹಕ್ಕಿ ಕರಗಿ ಬಣ್ಣ ಆಗುತ್ತೆ. ದಪ್ಪ ದಪ್ಪ ಕುಂಚದ ಗುರುತು. ರೆಕ್ಕೆಯ ಹಳದಿ ಪಟ್ಟೆಯಲ್ಲಿ ಕುಂಚದ ಹಿಡಿಯ ತುದಿಯಿಂದ ಹಸಿ ಬಣ್ಣವನ್ನ ಗೀಚಿದ್ದಾನೆ. ಮುಚ್ಚಿಡೋ ಪ್ರಯತ್ನವೇ ಇಲ್ಲ. ಮೋಸ ಮಾಡ್ತಿದೀನಿ ಅಂತ ತಾನೇ ತೋರಿಸಿ ಕೆಳಗೆ ರುಜು ಹಾಕಿ ಇಸವಿನೂ ಬರೆದಿದ್ದಾನೆ.

ಈಗ ಕಾದಂಬರಿಗೆ ಹೋಗಿ. ಹೋಬಿ ಕೆಳಗಿನ ವರ್ಕ್‌ಶಾಪಿನಲ್ಲಿ ಮುರಿದ ಹಳೇ ಕುರ್ಚಿ ಮೇಜುಗಳ ತುಂಡು ಜೋಡಿಸಿ, ಹೊಸ ಮರಕ್ಕೆ ಹಳೇ ಬಣ್ಣ ಬರಿಸಿ, ನೋಡಿದವರ ಕಣ್ಣು ತಪ್ಪೋ ಹಾಗೆ ಮಾಡ್ತಾನೆ. ಅವನಿಗೆ ಅದು ಕೈಚಳಕದ ಖುಷಿ. ಮೇಲಿನ ಅಂಗಡಿಯಲ್ಲಿ ಥಿಯೋ ಅವನ್ನೇ ಅಸಲಿ ಅಂತ ಹೇಳಿ ಶ್ರೀಮಂತರಿಗೆ ಮಾರ್ತಾನೆ. ಹೋಬಿಗೆ ಗೊತ್ತೇ ಇಲ್ಲ. ಅಂಗಡಿ ಸಾಲದಲ್ಲಿತ್ತು, ಉಳಿಸಿಕೊಳ್ಳೋಕೆ ಮಾಡಿದೆ ಅನ್ನೋದು ಹುಡುಗನ ಸಮಜಾಯಿಷಿ. ಒಂದೇ ಕುರ್ಚಿ. ಕೆಳಗೆ ಇರೋವರೆಗೂ ಕುಶಲ ಕೆಲಸ, ಬಿಲ್ಲಿನಲ್ಲಿ ಸುಳ್ಳು ಇಸವಿ ಬಿದ್ದ ತಕ್ಷಣ ವಂಚನೆ. ಫ್ಯಾಬ್ರಿಷಿಯಸ್ ಹಲಗೆ ಮೇಲೆ ಹಾಕಿದ್ದೂ ಒಂದು ಇಸವಿ, ಥಿಯೋ ರಸೀದಿ ಮೇಲೆ ಹಾಕಿದ್ದೂ ಒಂದು ಇಸವಿ. ಹುಡುಗ ದೊಡ್ಡವನಾಗೋ ಕಥೆ ಅಂತಾರಲ್ಲ, ಈ ಎರಡರ ವ್ಯತ್ಯಾಸ ಕಲಿಯೋದರಲ್ಲೇ ಅವನು ದೊಡ್ಡವನಾಗೋದು. ಕಡೆಗೆ ಕೈಗೆ ದುಡ್ಡು ಬಂದಾಗ ಮಾರಿದ ಒಂದೊಂದು ಸಾಮಾನನ್ನೂ ಹುಡುಕಿಕೊಂಡು ಊರೂರು ತಿರುಗಿ ವಾಪಸು ಕೊಳ್ತಾನೆ. ಚಿತ್ರದ ಜೊತೆ ಕಾದಂಬರಿಯ ನಿಜವಾದ ನಂಟು ಇಲ್ಲಿದೆ ಅನ್ನೋದು ನನ್ನ ವಾದ, ಮಗಳ ವಾದವೂ ಹೆಚ್ಚೂಕಡಿಮೆ ಇದೇ ಆಗಿತ್ತು. ಸರಪಳಿಯನ್ನೇ ನೋಡ್ತಾ ಕೂತವರಿಗೆ ಕುರ್ಚಿ ಮೇಜು ಕಾಣೋದಿಲ್ಲ. ನೋಟ್ಸಿನಲ್ಲಿ ಹೋಬಿಯ ಹೆಸರು 'ಪೋಷಕ ವ್ಯಕ್ತಿ' ಅಂತ ಒಂದೇ ಕಡೆ ಇದೆ.

ಇನ್ನೂ ಇದೆ. ನೋಟ್ಸಿನ ಕೊನೆಯ ಸಾಲು ಏನು ಗೊತ್ತಾ? 'ಚಿತ್ರವು ಥಿಯೋಗೆ ಕಷ್ಟಕಾಲದಲ್ಲಿ ಬದುಕುವ ಶಕ್ತಿ ನೀಡುತ್ತದೆ.'

ಓದಿದ್ದಾರಾ ಇವರು ಪುಸ್ತಕ? ಲಾಸ್ ವೇಗಸ್‌ನಲ್ಲಿ ಇರುವಾಗಲೇ ಬೋರಿಸ್ ಆ ಚಿತ್ರವನ್ನ ಕದ್ದು, ಪೊಟ್ಟಣದೊಳಗೆ ಶಾಲೆಯ ಪೌರನೀತಿ ಪುಸ್ತಕ ಇಟ್ಟಿರ್ತಾನೆ. ಥಿಯೋ ಬಿಚ್ಚಿ ನೋಡೋದೇ ಇಲ್ಲ. ಟೇಪ್ ಸುತ್ತಿದ ಆ ಪೊಟ್ಟಣವನ್ನ ಬಸ್ಸಿನಲ್ಲಿ ಎದೆಗವಚಿಕೊಂಡು ನ್ಯೂಯಾರ್ಕಿಗೆ ತರ್ತಾನೆ, ಬಾಡಿಗೆ ಗೋದಾಮಿನಲ್ಲಿ ಇಡ್ತಾನೆ, ಪೊಲೀಸರು ಬಂದಾರು ಅಂತ ನಿದ್ದೆಗೆಡ್ತಾನೆ, ಅದು ಇದೆ ಅನ್ನೋ ಧೈರ್ಯದ ಮೇಲೇ ಬದುಕ್ತಾನೆ. ವರ್ಷಗಟ್ಟಲೆ ಅವನಿಗೆ ಶಕ್ತಿ ಕೊಟ್ಟದ್ದು, ಭಯ ಕೊಟ್ಟದ್ದು ಎಲ್ಲ ಒಂದು ಪೌರನೀತಿ ಪುಸ್ತಕ. ಕಾದಂಬರಿಯ ದೊಡ್ಡ ಭಾಗದಲ್ಲಿ ಚಿತ್ರ ಇಲ್ಲವೇ ಇಲ್ಲ! ಹಕ್ಕಿಯೂ ಇಲ್ಲ, ಸರಪಳಿಯೂ ಇಲ್ಲ. ಈ ತಮಾಷೆಯನ್ನ, ಇದು ತಮಾಷೆ ಹೌದು, ಕರುಳು ಹಿಂಡೋ ತಮಾಷೆ, ಬಿಟ್ಟು ಚಿತ್ರದ ಸಂಕೇತ ಬರೀತೀನಿ ಅನ್ನೋರ ಧೈರ್ಯ ಮೆಚ್ಚಬೇಕು.

ಇನ್ನೊಂದು ಚಿತ್ರವೂ ಕಾದಂಬರಿಯಲ್ಲಿದೆ, ಅದರ ಮಾತು ಯಾರೂ ಆಡೋದಿಲ್ಲ. ಬಾಂಬ್ ಸಿಡಿಯೋ ಮೊದಲು ಅಮ್ಮ ಮಗನನ್ನ ಬಿಟ್ಟು ಹೋಗೋದು ರೆಂಬ್ರಾಂಟ್‌ನ 'ಅನಾಟಮಿ ಲೆಸನ್' ಚಿತ್ರವನ್ನ ಇನ್ನೊಮ್ಮೆ ನೋಡಿಬರ್ತೀನಿ ಅಂತ. 1632ರ ಚಿತ್ರ, ಡಾಕ್ಟರ್ ಟುಲ್ಪ್ ಒಂದು ಹೆಣದ ಕೈ ಬಿಡಿಸಿ ತೋರಿಸ್ತಿದ್ದಾರೆ, ಸುತ್ತ ಜನ. ಡಬ್ಲ್ಯು.ಜಿ. ಸೀಬಾಲ್ಡ್ 1995ರ ತಮ್ಮ 'ದಿ ರಿಂಗ್ಸ್ ಆಫ್ ಸ್ಯಾಟರ್ನ್' ಪುಸ್ತಕದಲ್ಲಿ ಅದರ ಬಗ್ಗೆ ಒಂದು ವಿಷಯ ಗಮನಿಸಿದ್ದಾರೆ. ಸುತ್ತ ನಿಂತವರ ಕಣ್ಣು ಹೆಣದ ಮೇಲಿಲ್ಲ, ಅದನ್ನ ದಾಟಿ ಕಾಲ ಕಡೆ ತೆರೆದಿಟ್ಟ ಪಠ್ಯಪುಸ್ತಕದ ಮೇಲಿದೆ. ನಮ್ಮ ನೋಟ್ಸ್ ಬರೆಯೋರನ್ನ ಆ ಚಿತ್ರದಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ನಿಮಗೇ ಗೊತ್ತು.

ಈ ರೋಗ ಬರೀ ಇಂಗ್ಲಿಷ್ ಎಂ.ಎ.ದವರದ್ದಲ್ಲ, ನಾವು ಕನ್ನಡದವರೂ ಸಾಚಾ ಅಲ್ಲ. ನಾವು ಕಲಿಯುವಾಗ ನವ್ಯದ ಬಿಸಿ ಇನ್ನೂ ಆರಿರಲಿಲ್ಲ. ಬಾವಿ ಬಂದರೆ ಸುಪ್ತಮನಸ್ಸು, ಹಾವು ಬಂದರೆ ಕಾಮ, ಮೆಟ್ಟಿಲು ಬಂದರೆ ಏರಿಕೆ. ಬಾವಿಯಲ್ಲಿ ನೀರು ಸೇದ್ತಾರೆ ಅನ್ನೋದೇ ಮರೆತುಹೋಗಿತ್ತು. ನಾನೇ ಒಂದು ಕಥೆಯಲ್ಲಿ ಕೊಡೆ ಬಂದದ್ದನ್ನ 'ಪಿತೃಛಾಯೆ' ಅಂತ ಬರೆದು ಮೇಷ್ಟ್ರಿಂದ ಶಹಬಾಸ್ ತಗೊಂಡಿದ್ದೆ. ಕಥೆಯಲ್ಲಿ ಮಳೆ ಬರ್ತಿತ್ತು ಅಷ್ಟೇ. ಆ ಪಾಪ ಈಗ ಮಗಳ ತಲೆಗೆ ಬಂದಿದೆಯೋ ಏನೋ.

ಇಷ್ಟು ಸಿಟ್ಟು ಯಾಕೆ ಅಂದರೆ, ಮಗಳು ಆ ಹನ್ನೊಂದು ಪುಟದಲ್ಲಿ ಎರಡು ಪುಟ ಬೇರೆ ಏನನ್ನೋ ಬರೆದಿದ್ದಳು. ನಮ್ಮ ಮನೆಯ ಹಾಲಿನಲ್ಲಿ ಒಂದು ಹಳೇ ಲಕ್ಷ್ಮಿ ಪಟ ಇದೆ. ರವಿವರ್ಮನ ಅಚ್ಚಿನ ಚಿತ್ರ, ಇಲ್ಲೇ ಲೋಣಾವಳಾ ಹತ್ತಿರ ಮಳವಲಿಯಲ್ಲಿ ಅವನ ಪ್ರೆಸ್ ಇತ್ತಲ್ಲ, ಅಲ್ಲಿಂದ ದೇಶದ ತುಂಬ ಹೋದಂಥವುಗಳಲ್ಲಿ ಒಂದು. ಗದಗಿನ ಮನೆಯಲ್ಲಿ ಅವ್ವ ಪೂಜೆ ಮಾಡ್ತಿದ್ದದ್ದು. ಅವ್ವ ಹೋದ ಮೇಲೆ ಮನೆ ಖಾಲಿ ಮಾಡಿ ನಾನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಪುಣೆಗೆ ತಂದೆ. ಗಾಜಿನ ಒಂದು ಮೂಲೆಯಲ್ಲಿ ಊದಿನಕಡ್ಡಿಯ ಹೊಗೆ ಕಟ್ಟಿದೆ. ಒರೆಸೋಕೆ ಬಿಟ್ಟಿಲ್ಲ ನಾನು. ಆನೆ ಅಂದರೆ ಏನು, ಕಮಲ ಅಂದರೆ ಏನು, ನನಗೂ ಗೊತ್ತು, ಹೇಳ್ತೀನಿ ಬೇಕಾದರೆ. ಆದರೆ ಆ ಪಟ ನನಗೆ ಏನು ಅಂತ ಕೇಳಿದರೆ ಆನೆ ಕಮಲ ಹಿಡಿದು ಉತ್ತರ ಸಿಗೋದಿಲ್ಲ. ಅದರ ಮುಂದೆ ಅವ್ವ ನಿಂತಿರ್ತಿದ್ದಳು, ಅಷ್ಟೇ.

ಮಗಳು ಇದನ್ನ ಗಮನಿಸಿದ್ದಳು ಅಂತ ನನಗೆ ಗೊತ್ತೇ ಇರಲಿಲ್ಲ. ಥಿಯೋ ಚಿತ್ರವನ್ನ ಬಿಡದೆ ಇರೋದು ಹಕ್ಕಿಗೋಸ್ಕರ ಅಲ್ಲ, ಅಮ್ಮ ಕಡೆಯದಾಗಿ ಪ್ರೀತಿಯಿಂದ ನಿಂತು ನೋಡಿದ್ದು ಅದನ್ನ ಅನ್ನೋದಕ್ಕೆ, ಹಾಗಾಗಿ ಒಳಗೆ ಪೌರನೀತಿ ಪುಸ್ತಕ ಇದ್ದರೂ ಪೊಟ್ಟಣ ತನ್ನ ಕೆಲಸ ಮಾಡ್ತಾನೇ ಇತ್ತು, ನಮ್ಮಪ್ಪ ಹೊಗೆ ಒರೆಸೋಕೆ ಬಿಡದ ಗಾಜಿನ ಹಾಗೆ ಅಂತ ಬರೆದಿದ್ದಳು. ಆ ಎರಡು ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಓರೆಯಾಗಿ ಒಂದು ಗೆರೆ ಎಳೆದು 'ವಿಷಯಾಂತರ' ಅಂತ ಬರೆದಿದ್ದಾರೆ.

ವಿಷಯಾಂತರ ಅಲ್ಲ ಸಾರ್. ವಿಷಯ ಅದೇ.

ನಾನು ಕಾಲೇಜಿಗೆ ಬಂದು ಮಾತಾಡ್ತೀನಿ ಅಂದರೆ ಮಗಳು ಹೌಹಾರಿದಳು, "ಬ್ಯಾಡಪ್ಪೋ, ನಿನ್ನ ಕಾಲಿಗೆ ಬೀಳ್ತೀನಿ." ನನ್ನವಳೂ ಅವಳ ಪಕ್ಷ. ಅದಕ್ಕೇ ಇಲ್ಲಿ ಬರೀತಿದೀನಿ. ತಿದ್ದಿ ಮತ್ತೆ ಕೊಡೋಕೆ ಸೋಮವಾರದವರೆಗೆ ಟೈಮ್ ಇದೆಯಂತೆ. "ಸರಪಳಿ ಒಂದು ಪ್ಯಾರಾ ಸೇರಿಸ್ಲೇನಪ್ಪ?" ಅಂತ ನಿನ್ನೆ ಕೇಳಿದಳು. ಸೇರಿಸು, ಆದರೆ ಸರಪಳಿ ಎಷ್ಟು ಉದ್ದ ಇದೆ, ಎಲ್ಲಿಂದ ಎಲ್ಲಿಗೆ ಇಳಿಬಿದ್ದಿದೆ, ಆ ಹಕ್ಕಿ ಅದನ್ನ ಕಟ್ಟಿಕೊಂಡೇ ಏನು ಕೆಲಸ ಮಾಡ್ತಿತ್ತು ಅಂತ ನೋಡಿ ಬರಿ ಅಂದೆ. ಬೆಳಿಗ್ಗೆಯಿಂದ ಚಿತ್ರವನ್ನ ಪರದೆ ಮೇಲೆ ದೊಡ್ಡದು ಮಾಡಿಕೊಂಡು ಕೂತಿದಾಳೆ. ಅಂಗುಸ್ತಾನ ಅಂದರೆ ಏನು ಅಂತ ಕೇಳಿದಳು, ಅವಳಮ್ಮ ಹೊಲಿಗೆ ಡಬ್ಬಿಯಿಂದ ತೆಗೆದು ತೋರಿಸಿದಳು. ಈಗ ಅದಕ್ಕೆ ದಾರ ಕಟ್ಟಿ ಲೋಟದಿಂದ ನೀರು ಎಳೆದು ನೋಡ್ತಿದಾಳೆ. ಮೂರು ಸಲ ಚೆಲ್ಲಿತು.